ಲೆಟ್ ಎಂದರೆ ಬಿಡು

ಗುಲಬರ್ಗಾದ ಕಾಲೇಜಿಗೆ ವಿಜ್ಞಾನ ಓದಲು ಹೋಗಿದ್ದ ನಮ್ಮ ಶಾಲೆಯ ಹುಡುಗ ಮೂರೇ ತಿಂಗಳಿಗೆ ಟ್ರಂಕು ಹೊತ್ತುಕೊಂಡು ತಿರುಗಿ ಬಂದ. ದೀಪಾವಳಿ ಸೂಟಿ ಮುಗಿದು ಶಹಾಪುರದ ನಮ್ಮ ಹೈಸ್ಕೂಲು ಮತ್ತೆ ಶುರುವಾದ ದಿನ ಅದು. ಯಾದಗಿರಿಯಲ್ಲಿ ರೈಲಿಳಿದು ಬಸ್ಸು ಹತ್ತಿದವನು ದಾರಿಯಲ್ಲಿ ತನ್ನೂರು ದೋರನಹಳ್ಳಿ ಬಂದರೂ ಇಳಿದಿರಲಿಲ್ಲ. ಮನೆಗೆ ಹೋಗಲು ಧೈರ್ಯವಾಗದೆ ನೇರವಾಗಿ ನನ್ನ ತರಗತಿಯ ಬಾಗಿಲಿಗೆ ಬಂದು ನಿಂತಿದ್ದ.

"ಏನಪ್ಪ, ಕಾಲೇಜು ಶುರುವಾಗಿಲ್ಲೇನು?"

"ಶುರುವಾಗ್ಯಾದ್ರಿ. ನಾನು ಬಿಟ್ಟು ಬಂದೀನ್ರಿ ಮಾಸ್ತರ್ರ."

"ಯಾಕ?"

"ತಿಳಿಯಂಗಿಲ್ರಿ. ಅವ್ರು ಬೋರ್ಡ್ ಮ್ಯಾಲ ಚಿತ್ರ ಬರದ್ರ ಅಷ್ಟು ತಿಳೀತದ. ಬಾಯಿ ತೆರದ್ರ ಏನೂ ತಿಳಿಯಂಗಿಲ್ಲ."

ಅವನ ನೋಟುಪುಸ್ತಕ ತೆರೆದು ನೋಡಿದೆ. ಪುಟದ ತುಂಬ ತ್ರಿಕೋನ, ವರ್ತುಳ, ಅಂಚು ತಪ್ಪದ ಗೆರೆಗಳು. ಅವುಗಳ ಕೆಳಗೆ ಒಂದಕ್ಷರವಿಲ್ಲ. ನಡುವೆ ಮಡಚಿಟ್ಟ ಪರೀಕ್ಷೆಯ ಪ್ರಶ್ನೆಪತ್ರಿಕೆಯೊಂದಿತ್ತು. ಅದರಲ್ಲಿ ನಾಲ್ಕು ಪ್ರಶ್ನೆಗಳಿಗೆ ಪೆನ್ಸಿಲಿನಿಂದ ಅಡ್ಡಗೆರೆ ಹಾಕಿದ್ದ. ನಾಲ್ಕೂ ಅವನು ನಿದ್ದೆಗಣ್ಣಿನಲ್ಲಿ ಬಿಡಿಸಬಹುದಾದ ಲೆಕ್ಕಗಳು. ನಮ್ಮ ಶಾಲೆಯಲ್ಲಿ ಗಣಿತಕ್ಕೆ ಅವನೇ ಮೊದಲಿಗ.

"ಇವನ್ನ್ಯಾಕ ಮಾಡಲಿಲ್ಲ?"

ಅವನು ಬೆರಳಿಟ್ಟು ತೋರಿಸಿದ. ನಾಲ್ಕೂ ಪ್ರಶ್ನೆಗಳು 'ಲೆಟ್' ಎಂಬ ಪದದಿಂದ ಶುರುವಾಗಿದ್ದವು. "ಮೊದಲೇ ಡಿಕ್ಷನರಿ ನೋಡಿಟ್ಟಿದ್ದೆ ರಿ. ಲೆಟ್ ಅಂದ್ರ ಬಿಡು ಅಂತ ಇತ್ತು. ಎಬಿಸಿ ತ್ರಿಕೋನ ಬಿಡು ಅಂದಾರ ಅಂತ ಬಿಟ್ಟೆ."

ನನಗೆ ನಗು ಬರಲಿಲ್ಲ. 'ಎಬಿಸಿ ಒಂದು ತ್ರಿಕೋನವಾಗಿರಲಿ' ಎಂದು ಅದರ ಅರ್ಥ ಎಂದು ಹೇಳಿದಾಗ ಅವನು ಆ ಹಾಳೆಯನ್ನೇ ಮತ್ತೊಮ್ಮೆ ಓದಿದ. "ಇಷ್ಟೇನ್ರಿ?" ಎಂದ.

ನಿಜಾಮರ ಆಳ್ವಿಕೆ ಹೋಗಿ, ಹೈದರಾಬಾದ್ ಸಂಸ್ಥಾನ ಒಡೆದು, ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ಆ ವಯಸ್ಸಿನ ಹುಡುಗರು ಕೂಡಿಸಿ ಕಳೆಯುವುದನ್ನು ಕಲಿತದ್ದು ಉರ್ದುವಿನಲ್ಲಿ. ಮಿಡ್ಲ್ ಸ್ಕೂಲಿಗೆ ಬರುವಷ್ಟರಲ್ಲಿ ಪಾಠ ಕನ್ನಡಕ್ಕೆ ತಿರುಗಿತ್ತು. ಕನ್ನಡದ ಗಣಿತ ಪುಸ್ತಕಗಳು ಧಾರವಾಡದ ಕಡೆಯಿಂದ ಅರ್ಧ ವರ್ಷ ಕಳೆದ ಮೇಲೆ ಬರುತ್ತಿದ್ದವು. ಹೈಸ್ಕೂಲು ದಾಟಿದರೆ ಎಲ್ಲವೂ ಇಂಗ್ಲಿಷ್. ವಿಜ್ಞಾನ, ಗಣಿತ ಕಲಿಸುತ್ತಿದ್ದ ನಾನೂ ಉರ್ದುವಿನಲ್ಲಿ ಮೆಟ್ರಿಕ್ ಮುಗಿಸಿ, ಇಂಗ್ಲಿಷಿನಲ್ಲಿ ಬಿ.ಎಸ್ಸಿ. ಮಾಡುವಾಗ ಎರಡು ಸಲ ನಪಾಸಾದವನು. ಆ ಹುಡುಗನಿಗೆ ಏನಾಗಿತ್ತೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಅವನನ್ನು ಕಳಿಸುವ ಮೊದಲು ಒಂದು ಮಾತು ಎಚ್ಚರಿಸಬೇಕೆಂದು ನನಗೆ ಹೊಳೆದಿರಲಿಲ್ಲ.

ಸಂಜೆ ಇದನ್ನು ಉಸ್ತಾದರಿಗೆ ಹೇಳಿದೆ. ಅವರು ಶಾಲೆಯ ಹಿರಿಯ ಗಣಿತ ಶಿಕ್ಷಕರು, ಸುರಪುರದವರು. ಶಹಾಪುರದಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಹುಡುಗರಷ್ಟೇ ಅಲ್ಲ, ನಾವು ಶಿಕ್ಷಕರೂ ಅವರನ್ನು ಉಸ್ತಾದರೆಂದೇ ಕರೆಯುತ್ತಿದ್ದೆವು. ಇಡೀ ಬದುಕು ಉರ್ದುವಿನಲ್ಲಿ ಗಣಿತ ಕಲಿಸಿದ್ದ ಅವರು ಈಗ ದಖನಿ ಉರ್ದು ಬೆರೆತ ಬಜಾರದ ಕನ್ನಡದಲ್ಲಿ ಕಲಿಸುತ್ತಿದ್ದರು. ಅವರ ಹಾಗೆ ರೇಖಾಗಣಿತ ಕಲಿಸುವವರನ್ನು ನಾನು ಹೈದರಾಬಾದಿನಲ್ಲೂ ಕಂಡಿರಲಿಲ್ಲ. ವರ್ತುಳದ ಪಾಠವೆಂದರೆ ತರಗತಿಯನ್ನು ಅಂಗಳಕ್ಕೆ ಕರೆತಂದು ಗೂಟ ಹೊಡೆದು ಹಗ್ಗ ಕಟ್ಟುತ್ತಿದ್ದರು. "ಆಡು ಕಟ್ಟೀರಿ ಅಂತ ತಿಳ್ಕೋರಿ. ಹಗ್ಗ ಬಿಗಿ ಹಿಡಿದು ತಿರಗ್ತದ. ಎಲ್ಲಿ ತನಕ ಮೇಯ್ತದ, ಗೆರಿ ಹೊಡೀರಿ." ಕುರಿ ಕಾಯುವ ಮನೆಯ ಮಕ್ಕಳಿಗೆ ಅದಾದ ಮೇಲೆ ತ್ರಿಜ್ಯವೆಂದರೇನೆಂದು ಹೇಳುವುದು ಉಳಿಯುತ್ತಿರಲಿಲ್ಲ. ಕಾಗದದ ತ್ರಿಕೋನದ ಮೂರು ಮೂಲೆಗಳನ್ನು ಹರಿದು, ಒಂದರ ಪಕ್ಕ ಒಂದು ಜೋಡಿಸಲು ಹಚ್ಚಿ, ಅವು ಸರಳರೇಖೆಯಾದಾಗ ಹುಡುಗರಿಗಿಂತ ಮೊದಲು ಅವರೇ ಖುಷಿಪಡುತ್ತಿದ್ದರು.

ದೋರನಹಳ್ಳಿಯ ಹುಡುಗ ಅವರದೇ ಕೈಯಲ್ಲಿ ತಯಾರಾದವನು. ನನ್ನ ಮಾತು ಕೇಳಿ ಅವರು ಅಂಗಳದಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು.

"ಅಂವಗ ಪೂರಾ ರೇಖಾಗಣಿತ ಬರ್ತದ. ಬರಲಾರದ್ದು ಒಂದು ಲಫ್ಜ, ಒಂದು ಶಬ್ದ. ಒಂದು ಲಫ್ಜಿಗೆ ಹುಡುಗನ ಜಿಂದಗಿ ಹೋಗ್ತದೇನ್ರಿ ಮಾಸ್ತರ್?"

ಮರುದಿನ ಬೆಳಿಗ್ಗೆ ಅವರು ಒಂದು ದಪ್ಪ ಪುಸ್ತಕಕ್ಕೆ ಮೂರು ಖಾನೆ ಎಳೆದು ತಂದಿದ್ದರು. ಬಲದ ಖಾನೆ ಉರ್ದುವಿಗೆ, ನಡುವಿನದು ಕನ್ನಡಕ್ಕೆ, ಎಡದ್ದು ಇಂಗ್ಲಿಷಿಗೆ. ಉರ್ದು ಬಲದಿಂದ ಶುರುವಾಗುವ ಬರಹ, ಹಾಗಾಗಿ ಅವರು ಬಲಗಡೆ, ನಾನು ಎಡಗಡೆ ಕೂತು ಒಂದೇ ಪುಟದಲ್ಲಿ ಬರೆಯುತ್ತಿದ್ದೆವು. ಮುಸಲ್ಲಸ್, ತ್ರಿಕೋನ, ಟ್ರೈಯಾಂಗಲ್. ದಾಯಿರಾ, ವರ್ತುಳ, ಸರ್ಕಲ್. ಅಮೂದ್, ಲಂಬ, ಪರ್ಪೆಂಡಿಕ್ಯುಲರ್. ಶಾಲೆ ಬಿಟ್ಟ ಮೇಲೆ ಕೂತರೆ ಬಜಾರದಲ್ಲಿ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದೆವು. ಮುಖ್ಯೋಪಾಧ್ಯಾಯರು ಒಂಬತ್ತು ಮತ್ತು ಹತ್ತನೇ ತರಗತಿಗಳ ಕೊನೆಯ ಗಂಟೆಯನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟರು. ಕನ್ನಡ ಕಲಿಸುವ ಪಂಡಿತರು ಮಾತ್ರ ನೊಂದುಕೊಂಡರು. "ಇಷ್ಟು ವರ್ಷಕ್ಕ ಈಗ ಕನ್ನಡ ಶಾಲಿಗೆ ಬಂದದ. ಅದು ಚಂದಾಗಿ ಕೂಡೂದರಾಗ ಮತ್ತೊಂದು ತಂದು ಕೂಡಸ್ತೀರಿ" ಎಂದರು. ಕಾಲೇಜು ಕನ್ನಡದಲ್ಲಿದ್ದರೆ ನಾನೇಕೆ ಹೀಗೆ ಮಾಡುತ್ತಿದ್ದೆ?

ಒಂದು ತಿಂಗಳಲ್ಲಿ ಹುಡುಗರು ಖಾನೆಗಳನ್ನು ಬಾಯಿಪಾಠ ಮಾಡಿದರು. ನಾವು ಗೆದ್ದೆವೆಂದುಕೊಂಡು ಬರೀ ಇಂಗ್ಲಿಷಿನಲ್ಲಿ ಐದು ಲೆಕ್ಕ ಕೊಟ್ಟೆ. ಒಬ್ಬರೂ ಒಂದನ್ನೂ ಬಿಡಿಸಲಿಲ್ಲ. ಟ್ರೈಯಾಂಗಲ್ ಗೊತ್ತು, ಆ್ಯಂಗಲ್ ಗೊತ್ತು, ಅವುಗಳ ನಡುವಿನದು ಗೊತ್ತಿಲ್ಲ. ಲೆಟ್, ಸಿನ್ಸ್, ಸಚ್ ದ್ಯಾಟ್, ದೇರ್‌ಫೋರ್ ಎಂಬ ಸಣ್ಣ ಸಣ್ಣ ಪದಗಳಲ್ಲಿ ಅವರ ಕಾಲು ಸಿಕ್ಕಿಕೊಂಡಿತ್ತು. 'ರೆಸ್ಪೆಕ್ಟಿವ್ಲಿ' ಎಂಬುದಕ್ಕೆ ಗುಮಾಸ್ತರೊಬ್ಬರ ಮಗಳು 'ಗೌರವದಿಂದ' ಎಂದು ಬರೆದಿದ್ದಳು. ಎರಡು ಬಿಂದುಗಳನ್ನು ಗೌರವದಿಂದ ಜೋಡಿಸುವುದು ಹೇಗೆಂದು ತಿಳಿಯದೆ ಪಾಪ ಸುಮ್ಮನೆ ಕೂತಿದ್ದಳು.

ಮತ್ತೆ ಮೊದಲಿನಿಂದ ಶುರುಮಾಡಿದೆವು. ಖಾನೆಗಳ ಪುಸ್ತಕ ಬದಿಗಿಟ್ಟು ಇಡೀ ವಾಕ್ಯಗಳನ್ನು ಹಿಡಿದೆವು. ಸೋಮವಾರ ಉಸ್ತಾದರು ಒಂದು ಪ್ರಮೇಯವನ್ನು ತಮ್ಮ ಹಗ್ಗ, ಕಾಗದಗಳಿಂದ ತಮ್ಮ ಮಾತಿನಲ್ಲೇ ಕಲಿಸುವುದು. ಮಂಗಳವಾರ ಅದೇ ಪ್ರಮೇಯ, ಅದೇ ಚಿತ್ರ, ಅವೇ ಅಕ್ಷರಗಳು, ಮಾತು ಮಾತ್ರ ಇಂಗ್ಲಿಷ್. ಹೊಸ ಗಣಿತ ಒಂದಿಷ್ಟೂ ಇಲ್ಲ. ಗೊತ್ತಿರುವುದನ್ನೇ ಗೊತ್ತಿಲ್ಲದ ಮಾತಿನಲ್ಲಿ ಕೇಳುವುದು. ಬುಧವಾರ ಒಬ್ಬ ವಿದ್ಯಾರ್ಥಿ ಬೋರ್ಡಿಗೆ ಬೆನ್ನು ಮಾಡಿ ನಿಂತು ಇಂಗ್ಲಿಷಿನಲ್ಲಿ ಹೇಳಬೇಕು, ಇನ್ನೊಬ್ಬ ಕೇಳಿಸಿದ್ದನ್ನಷ್ಟೇ ಬೋರ್ಡಿನ ಮೇಲೆ ಬರೆಯಬೇಕು. ಚಿತ್ರ ಸೊಟ್ಟಗಾದರೆ ಹೇಳಿದವನ ವಾಕ್ಯ ಸೊಟ್ಟಗಾಗಿದೆ ಎಂದರ್ಥ. ವಿಜ್ಞಾನದಲ್ಲೂ ಹೀಗೇ ಮಾಡಿದೆ. ಒಮ್ಮೆ ಕನ್ನಡದಲ್ಲಿ ಮಾಡಿದ ಪ್ರಯೋಗವನ್ನು ಮರುದಿನ ಇಂಗ್ಲಿಷಿನಲ್ಲಿ ಬರೆದ ಸೂಚನೆ ಓದಿಕೊಂಡು ಅವರೇ ಮಾಡಬೇಕು. ಒಂದೆರಡು ಗಾಜಿನ ನಳಿಕೆ ಒಡೆದವು. ಆದರೆ 'ಹೀಟ್ ಜೆಂಟ್ಲಿ' ಎಂದರೇನೆಂದು ಆಮೇಲೆ ಯಾರೂ ಮರೆಯಲಿಲ್ಲ.

ದೋರನಹಳ್ಳಿಯ ಹುಡುಗನನ್ನೂ ಈ ಕೊನೆಯ ಗಂಟೆಗೆ ಬಂದು ಕೂಡಲು ಕರೆದೆ. ಎಂಟು ದಿನ ಬಂದ. ಹಿಂದಿನ ಬೆಂಚಿನಲ್ಲಿ ತನಗಿಂತ ಚಿಕ್ಕವರ ನಡುವೆ ತಲೆ ತಗ್ಗಿಸಿ ಕೂಡುತ್ತಿದ್ದ. ಆಮೇಲೆ ಬರಲಿಲ್ಲ. ನಾನೇ ಅವನ ಮನೆಗೆ ಹೋದೆ. ಕುರಿಗಳನ್ನು ಆಗಷ್ಟೇ ಹಟ್ಟಿಗೆ ಹೊಡೆದು ಬಂದಿದ್ದ ಅವನ ತಂದೆ ಕಂಬಳಿ ಹಾಸಿ ಕೂಡಿಸಿದರು.

"ಬರೋ ವರ್ಷ ಮತ್ತ ಕಳಸ್ರಿ. ಅಷ್ಟರಾಗ ನಾವು ತಯಾರು ಮಾಡ್ತೀವಿ" ಎಂದೆ.

"ನಿಮ್ಮ ಮಾತು ತಗದ ಹಾಕಂಗಿಲ್ರಿ ಮಾಸ್ತರ್ರ. ಆದ್ರ ಹೋಗೂಮುಂದ ಊರೆಲ್ಲಾ ನಿಂತು ಕಳಿಸ್ಯಾದ. ತಿರುಗಿ ಬಂದಾನ. ಮತ್ತ ಅದೇ ಮಂದಿ ಮುಂದ ಟ್ರಂಕು ಹೊತಗೊಂಡು ಹೆಂಗ ಹೋಗ್ಬೇಕು ಹುಡುಗ?"

ಹುಡುಗ ಗೋಡೆಗೆ ಒರಗಿ ನಿಂತಿದ್ದ. "ಈಗ ನನಗ ತಿಳಿಯಾಕತ್ತೇದ್ರಿ" ಎಂದಷ್ಟೇ ಹೇಳಿ ಹೊರಗೆ ಹೋದ. ಮುಂದೆ ಅವನು ತಹಸೀಲ್ ಕಚೇರಿಯಲ್ಲಿ ನಕಲು ಬರೆಯುವ ಕೆಲಸಕ್ಕೆ ಸೇರಿದ. ಕಂಡಾಗಲೆಲ್ಲ ನನಗೆ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದ. ನಾನು ಆ ಕಚೇರಿಯ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ.

ಉಸ್ತಾದರು ಈ ನಡುವೆ ಸುಮ್ಮನಿರಲಿಲ್ಲ. ಮಂಗಳವಾರದ ನನ್ನ ತರಗತಿಯಲ್ಲಿ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಇಂಗ್ಲಿಷ್ ವಾಕ್ಯಗಳನ್ನು ಉರ್ದು ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ತಾವೇ ಎದ್ದು ಹೇಳಲು ನೋಡಿದರು. 'ಪರ್ಪೆಂಡಿಕ್ಯುಲರ್' ನಾಲಿಗೆ ಮೇಲೆ ನಿಲ್ಲಲಿಲ್ಲ. ಹುಡುಗರು ನಕ್ಕರು. "ನಗಲಿ ಬಿಡ್ರಿ. ನಕ್ಕ ಲಫ್ಜ ಮರೆಯಂಗಿಲ್ಲ" ಎಂದು ಅವರೂ ನಕ್ಕರು. ಆದರೆ ಆಮೇಲೆ ಎದ್ದು ಹೇಳುವುದನ್ನು ಬಿಟ್ಟರು. ಕೊನೆಗೆ ನಾವಿಬ್ಬರೂ ಒಟ್ಟಿಗೆ ಪಾಠ ಮಾಡತೊಡಗಿದೆವು. ಅವರು ಮಾತಿಲ್ಲದೆ ಬೋರ್ಡಿನ ಮೇಲೆ ಬರೆಯುವುದು, ಅವರ ಕೈ ಹೋದಂತೆ ನಾನು ಇಂಗ್ಲಿಷಿನಲ್ಲಿ ಹೇಳುವುದು. ನನ್ನ ಇಡೀ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಆಗಿಲ್ಲ. ಆರು ವಾರ ನಡೆಯಿತು. ಆಮೇಲೆ ಮುಖ್ಯೋಪಾಧ್ಯಾಯರು, ಒಂದು ತರಗತಿಗೆ ಇಬ್ಬರನ್ನು ಬಿಡಲು ವೇಳಾಪಟ್ಟಿಯಲ್ಲಿ ಆಗುವುದಿಲ್ಲವೆಂದರು. ಉಳಿದ ತರಗತಿಗಳು ಖಾಲಿ ಕೂತಿದ್ದವು. ಅವರು ಹೇಳಿದ್ದು ಸರಿಯಾಗಿತ್ತು.

ಇನ್ಸ್‌ಪೆಕ್ಟರು ಶಾಲೆಗಳ ತಪಾಸಣೆಗೆ ಬಂದದ್ದು ಆಮೇಲೆ. ಮೈಸೂರು ಕಡೆಯವರು. ಕೆಲಸದಲ್ಲಿ ಶ್ರದ್ಧೆಯಿದ್ದ, ಕೆಟ್ಟ ಮಾತಾಡದ ಮನುಷ್ಯ. ಉಸ್ತಾದರು ಹತ್ತನೇ ತರಗತಿಯಲ್ಲಿ ಅರ್ಧವರ್ತುಳದೊಳಗಿನ ಕೋನದ ಪಾಠ ಮಾಡುತ್ತಿದ್ದಾಗ ಬಂದು ಹಿಂದೆ ಕೂತರು. ನಾನೂ ಮುಖ್ಯೋಪಾಧ್ಯಾಯರೂ ಬಾಗಿಲಲ್ಲಿದ್ದೆವು. ಪಾಠ ಮುಗಿದ ಮೇಲೆ ಅವರು ಎದ್ದರು.

"ಬಹಳ ಚೆನ್ನಾಗಿತ್ತು ಮೇಷ್ಟ್ರೇ. ಇದನ್ನೇ ಒಂದು ಸಲ ಇಂಗ್ಲಿಷಿನಲ್ಲಿ ಹೇಳಿ, ಕೇಳೋಣ."

ಉಸ್ತಾದರು ಬೋರ್ಡಿನ ಕಡೆ ತಿರುಗಿದರು. "ಲೆಟ್" ಎಂದರು. "ಲೆಟ್ ಎಬಿ..." ಎಂದು ನಿಂತರು. ತರಗತಿಯಲ್ಲಿ ಒಬ್ಬರೂ ನಗಲಿಲ್ಲ. ಎಲ್ಲರೂ ತಮ್ಮ ಪುಸ್ತಕ ನೋಡುತ್ತಿದ್ದರು. ಆಗ ಮೊದಲ ಬೆಂಚಿನ ಹುಡುಗಿ, 'ಗೌರವದಿಂದ' ಎಂದು ಬರೆದಿದ್ದ ಅದೇ ಗುಮಾಸ್ತರ ಮಗಳು, ತುಟಿ ಅಲುಗಿಸದ ಹಾಗೆ ಮೆಲ್ಲಗೆ ಹೇಳಿಕೊಟ್ಟಳು. ಉಸ್ತಾದರು ಅವಳು ಹೇಳಿದ ಒಂದೊಂದು ಪದವನ್ನೂ ಅವಳ ಬೆನ್ನಿಗೇ ಹೇಳುತ್ತ ಹೋದರು. ಕೊನೆಯವರೆಗೂ ಹೇಳಿದರು. ಇನ್ಸ್‌ಪೆಕ್ಟರಿಗೆ ಅದು ಕೇಳಿಸದಿರಲು ಸಾಧ್ಯವೇ ಇರಲಿಲ್ಲ.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಅವರು ನನಗೆ ಹೇಳಿದರು: "ನೀವು ಮಾಡ್ತಿರೋ ಪದ್ಧತಿ ಸುರಪುರ, ಯಾದಗಿರಿಯ ಶಾಲೆಗಳಿಗೂ ಹಾಕಬೇಕು ಅಂತಿದೀನಿ. ಆದರೆ ಮೇಲಿನ ತರಗತೀಲಿ ಇಂಥವರನ್ನ ಇಟ್ಕೊಂಡು ಅದು ಆಗಲ್ಲ. ನಿಮ್ಮ ಅಭಿಪ್ರಾಯ ಬರೆದು ಕೊಡಿ."

"ಸರ್, ಗಣಿತದಲ್ಲಿ ಅವರ ಸರಿಸಮ ಇಲ್ಲಿ ಯಾರೂ ಇಲ್ರಿ."

"ಅದನ್ನೂ ಬರೀರಿ."

ಮೂರು ದಿನ ತೆಗೆದುಕೊಂಡೆ. ಬರೆಯುವುದಿಲ್ಲ ಎನ್ನಬಹುದಿತ್ತು. ಆಗ ಅವರು ಹತ್ತನೇ ತರಗತಿಯಲ್ಲಿ ಉಳಿಯುತ್ತಿದ್ದರು, ನನ್ನ ಪಾಲಿಗೆ ಗಣಿತದಲ್ಲಿ ಎಂಟನೆಯ ತರಗತಿಯೇ ಇರುತ್ತಿತ್ತು. ಇನ್ನೊಂದು ತಂಡ ಖಾಲಿ ನೋಟುಪುಸ್ತಕ ಹಿಡಿದು ಗುಲಬರ್ಗಾಕ್ಕೆ ಹೋಗುತ್ತಿತ್ತು. ಗೋಡೆಗೊರಗಿ ನಿಂತಿದ್ದ ಹುಡುಗ ಮತ್ತೆ ಮತ್ತೆ ಕಣ್ಣೆದುರು ಬಂದ. ಬರೆದೆ. ಇಂಗ್ಲಿಷಿನಲ್ಲಿ, ಮೂರೇ ವಾಕ್ಯ. ಅಂಚೆಗೆ ಹಾಕಿದ ಸಂಜೆ ಎಂದಿನಂತೆ ಉಸ್ತಾದರ ಜೊತೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿದೆ. ಅವರು ಮುಂದಿನ ವಾರದ ಪ್ರಮೇಯಕ್ಕೆ ಎಂಥ ಹಗ್ಗ ಬೇಕು ಎಂಬುದನ್ನು ಹೇಳುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಆವತ್ತು ಹೇಳಲಿಲ್ಲ. ನಾಳೆ ಹೇಳಿದರಾಯಿತೆಂದುಕೊಂಡೆ. ನಾಳೆಯೂ ಹೇಳಲಿಲ್ಲ.

ಬೇಸಿಗೆ ಸೂಟಿಗೆ ಮುಂಚೆ ಉಸ್ತಾದರ ವರ್ಗಾವಣೆಯ ಹುಕುಂ ಬಂತು. ಕೊಡೇಕಲ್ಲಿನ ಉರ್ದು ಪ್ರಾಥಮಿಕ ಶಾಲೆ, 'ಅವರ ಸ್ವಂತ ತಾಲ್ಲೂಕಿಗೆ, ಅವರ ಅನುಕೂಲಕ್ಕಾಗಿ'. ಲಕೋಟೆ ಒಡೆದು ನೋಡಿದ ಮೇಲೆ ಅವರು ಎರಡು ದಿನ ರಜೆ ಹಾಕಿ ಸುರಪುರಕ್ಕೆ ಹೋಗಿ ಬಂದರು. ತಿರುಗಿ ಬಂದು ಖಾನೆಗಳ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟರು. "ಇದು ನಿಮ್ಮ ಕಡೆ ಇರಲಿ. ನನಗ ಅಲ್ಲಿ ಕೆಲಸಿಲ್ಲ" ಎಂದರು. ಬಸ್ಸಿನವರೆಗೂ ಹೋದೆ. ಕಿಟಕಿಯಿಂದ ಕೈ ಹೊರಗೆ ಚಾಚಿ ನನ್ನ ಕೈ ಹಿಡಿದರು. ಏನಾದರೂ ಕೇಳುತ್ತಾರೇನೋ ಎಂದು ಕಾದೆ. ಕೇಳಲಿಲ್ಲ.

ಮುಂದಿನ ವರ್ಷ ನಮ್ಮ ಏಳು ಮಂದಿ ವಿಜ್ಞಾನ ಓದಲು ಗುಲಬರ್ಗಾಕ್ಕೆ ಹೋದರು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ಒಬ್ಬರೂ ತಿರುಗಿ ಬರಲಿಲ್ಲ. ಇನ್ಸ್‌ಪೆಕ್ಟರು ನನಗೆ ಮೆಚ್ಚುಗೆಯ ಪತ್ರ ಬರೆದರು. ಆದರೆ ಹೊಸ ಹತ್ತನೇ ತರಗತಿಯಲ್ಲಿ ನನಗೆ ಬೇರೆಯೇ ಒಂದು ಸಂಗತಿ ಕಾಣತೊಡಗಿತ್ತು. ಹುಡುಗರು ವಾಕ್ಯಗಳನ್ನು ತಡವರಿಸದೆ ಹೇಳುತ್ತಿದ್ದರು. "ಯಾಕ ಹಂಗ?" ಎಂದು ಕೇಳಿದರೆ ಅದೇ ವಾಕ್ಯವನ್ನು ಇನ್ನೊಮ್ಮೆ ಹೇಳುತ್ತಿದ್ದರು. ನಾನೂ ಗೂಟ ಹೊಡೆದು ಹಗ್ಗ ಕಟ್ಟಿದೆ, ನಾನೂ ಕಾಗದ ಹರಿಸಿದೆ. ಹಗ್ಗ ಹಗ್ಗವಾಗಿಯೇ ಉಳಿಯಿತು. ಆ ದಿನಗಳಲ್ಲೇ ಗುಮಾಸ್ತರ ಮಗಳ ಪತ್ರ ಬಂತು. ಗುಲಬರ್ಗಾದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅರ್ಧವಾರ್ಷಿಕ ಪರೀಕ್ಷೆ ಪಾಸಾಗಿದ್ದಳು. ಕೊನೆಗೆ, 'ಉಸ್ತಾದರಿಗೆ ನನ್ನ ನಮಸ್ಕಾರ ಹೇಳ್ರಿ, ಅವರ ವಿಳಾಸ ನನ್ನ ಹತ್ತಿರ ಇಲ್ಲ' ಎಂದು ಬರೆದಿದ್ದಳು.

ಆ ಭಾನುವಾರ ಹೊರಟು, ಸುರಪುರದಲ್ಲಿ ಬಸ್ಸು ಬದಲಿಸಿ, ದೇವರಿಗೆ ಹೊರಟ ಮಂದಿಯ ನಡುವೆ ನಿಂತುಕೊಂಡೇ ಕೊಡೇಕಲ್ ತಲುಪಿದೆ. ಉಸ್ತಾದರು ಶಾಲೆಯ ಪಕ್ಕದ ಕೋಣೆಯಲ್ಲೇ ಇದ್ದರು. ಬಹಳ ಬಡವಾಗಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು, ಅದರಲ್ಲಿ ಸುಳ್ಳಿರಲಿಲ್ಲ. ಚಹಾ ಕಾಸಿದರು. ಏಳೂ ಮಂದಿಯ ಬಗ್ಗೆ ಒಬ್ಬೊಬ್ಬರನ್ನಾಗಿ, ಅವರು ಕೂಡುತ್ತಿದ್ದ ಬೆಂಚು ನೆನಪಿಸಿಕೊಂಡು ಕೇಳಿದರು. ಪತ್ರ ಓದಿ ಹೇಳಿದೆ. "ಭೇಷ್, ಭೇಷ್" ಎಂದರು.

ಆಮೇಲೆ ಗೋಡೆಗೆ ತೂಗುಹಾಕಿದ್ದ ಶೇರವಾನಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ನೋಡುತ್ತಲೇ ಗುರುತು ಸಿಕ್ಕಿತು. ಕಚೇರಿಯಲ್ಲಿ ಯಾರೋ ಹುಕುಮಿನ ಜೊತೆ ನನ್ನ ಕೈಬರಹದ ಅಭಿಪ್ರಾಯವನ್ನೂ ತಪ್ಪಿ ಲಗತ್ತಿಸಿ ಕಳಿಸಿದ್ದರು.

"ಆವಾಗ ಇದನ್ನ ಸುರಪುರದಾಗ ಒಬ್ಬ ಗುಮಾಸ್ತನ ಕಡೆ ಓದಿಸಿದೆ. ಅರ್ಧ ತಿಳೀತು ಅಂದ, ಅರ್ಧ ತಿಳೀವಲ್ದು ಅಂದ. ಕೆಳಗ ನಿಮ್ಮ ದಸ್ತಖತ್, ಸಹಿ ಅದ. ನೀವೇ ಓದಿ ಹೇಳ್ರಿ ಮಾಸ್ತರ್."

"ಉಸ್ತಾದರ..." ಎಂದೆ.

"ಓದ್ರಿ."

ಓದಿ, ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ. ರೇಖಾಗಣಿತ ಕಲಿಸುವುದರಲ್ಲಿ ಇವರಿಗಿಂತ ಉತ್ತಮರನ್ನು ನಾನು ಕಂಡಿಲ್ಲ. ಇಂಗ್ಲಿಷಿನಲ್ಲಿ ಪಾಠ ಮಾಡುವ ಸಾಮರ್ಥ್ಯ ಇವರಿಗೆ ಇಲ್ಲ, ಈ ವಯಸ್ಸಿನಲ್ಲಿ ಬರುವ ಸಂಭವವೂ ಇಲ್ಲ. ವಿದ್ಯಾರ್ಥಿಗಳ ಮುಂದಿನ ಓದಿನ ಹಿತದೃಷ್ಟಿಯಿಂದ ಮೇಲಿನ ತರಗತಿಗಳನ್ನು ಇವರಿಗೆ ಕೊಡಬಾರದು.

ಉಸ್ತಾದರು ತಲೆಯಾಡಿಸುತ್ತ ಕೇಳಿದರು.

"ಇದರಾಗ ಸುಳ್ಳೇನೂ ಇಲ್ಲ. ಚಾ ಕುಡಿಯಾಗ ಹೇಳಿದ್ರ ನಾನೇ ಅರ್ಜಿ ಬರಕೊಡ್ತಿದ್ದೆ. ನನಗ ಆ ಹುಡುಗರು ಬ್ಯಾರೆಯವರೇನ್ರಿ?"

ನಾನು ಕಾಗದ ಮಡಚತೊಡಗಿದೆ. ಅವರು ನನ್ನ ಕೈ ತಡೆದು, "ಮೊದಲನೇದು ಇನ್ನೊಮ್ಮೆ ಓದ್ರಿ. ಕನ್ನಡದಾಗ ಬ್ಯಾಡ, ಇಂಗ್ಲಿಷಿನಾಗೇ. ಹೆಂಗ ಕೇಳ್ತದ ನೋಡೂಣು" ಎಂದರು.

ಓದಿದೆ. ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಓದಲು ಹೇಳಿದರು, ಓದಿದೆ. ಆಮೇಲೆ ಕೈ ಚಾಚಿ ಕಾಗದ ಇಸಿದುಕೊಂಡು, ಹಳೆಯ ಮಡಿಕೆಗಳ ಮೇಲೆಯೇ ಮಡಚಿ, ಜೇಬಿನಲ್ಲಿಟ್ಟುಕೊಂಡರು. ನಾನು ಅದನ್ನು ಕೇಳಿ ಪಡೆದು ಹರಿದುಹಾಕಬೇಕೆಂದಿದ್ದೆ.

ಬಸ್ಸಿನ ಹೊತ್ತಾಗಿತ್ತು. ನನ್ನ ಲೋಟದಲ್ಲಿ ಚಹಾ ಹಾಗೇ ಇತ್ತು. ಅವರು ಅದನ್ನು ತೆಗೆದುಕೊಂಡು ಹೋಗಿ ಮತ್ತೆ ಬಿಸಿ ಮಾಡಿ ತಂದುಕೊಟ್ಟರು, ಮತ್ತು ನಾನು ಕುಡಿದು ಮುಗಿಸುವವರೆಗೂ ಎದುರಿಗೆ ಕೂತಿದ್ದರು.